ಕರ್ಮಶಾಲೆ ಇನ್ನು ವಾರಕ್ಕೆ ಮೂರೇ ದಿನ: ಅನುದಾನದ ಬಗ್ಗೆ ಕೇಳಬೇಕಾದದ್ದು ಯಾರನ್ನು?

ಡೊಂಬಿವಲಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 23 ವರ್ಷ. ಬೌದ್ಧಿಕ ಅಸಾಮರ್ಥ್ಯದ ಜೊತೆಗೆ ಆಟಿಸಂ ಇದೆ; ಪ್ರಮಾಣಪತ್ರದಲ್ಲಿ ಶೇ. 75 ಎಂದು ಬರೆದಿದ್ದಾರೆ. 18 ತುಂಬುವವರೆಗೆ ವಿಶೇಷ ಶಾಲೆಗೆ ಹೋಗುತ್ತಿದ್ದ. ಆಮೇಲೆ ಐದು ವರ್ಷಗಳಿಂದ ಅನುದಾನಿತ ಕರ್ಮಶಾಲೆಯೊಂದಕ್ಕೆ, ಅಂದರೆ ದೊಡ್ಡವರಾದ ಅಂಗವಿಕಲರಿಗೆ ಕೆಲಸ ಕಲಿಸುವ ಕೇಂದ್ರಕ್ಕೆ, ಹೋಗುತ್ತಿದ್ದಾನೆ. ಅಲ್ಲಿ ಕಾಗದದ ಚೀಲ ಅಂಟಿಸುತ್ತಾನೆ, ದೀಪಾವಳಿ ಹತ್ತಿರ ಬಂದರೆ ಹಣತೆಗಳಿಗೆ ಬಣ್ಣ ಹಚ್ಚುತ್ತಾನೆ. ಮನೆಯಲ್ಲಿ ತುಳು, ಕರ್ಮಶಾಲೆಯಲ್ಲಿ ಮರಾಠಿ. ಎರಡರಲ್ಲೂ ಬೇಕಾದಷ್ಟು ಮಾತು ಕಲಿತಿದ್ದಾನೆ.

ಕಳೆದ ವಾರ ಪಾಲಕರ ಸಭೆ ಕರೆದು, ಮುಂದಿನ ತಿಂಗಳಿನಿಂದ ಸೋಮವಾರ, ಬುಧವಾರ ಮತ್ತು ಶುಕ್ರವಾರ ಮಾತ್ರ ಕರ್ಮಶಾಲೆ ತೆರೆದಿರುತ್ತದೆ ಎಂದು ಹೇಳಿದರು. ಹೋದ ವರ್ಷದ ಅನುದಾನದ ಕಂತು ಪೂರ್ತಿಯಾಗಿ ಬಂದಿಲ್ಲವಂತೆ. ವ್ಯಾನಿನ ಚಾಲಕನಿಗೆ ನಾಲ್ಕು ತಿಂಗಳ ಸಂಬಳ ಬಾಕಿಯಿದೆಯಂತೆ. ನಿವೃತ್ತರಾದ ಶಿಕ್ಷಕರೊಬ್ಬರ ಜಾಗ ಇನ್ನೂ ಖಾಲಿಯೇ ಇದೆ. "ಇದು ಕಡಿತವೇ?" ಎಂದು ನಾನು ಕೇಳಿದಾಗ, "ಹಾಗೆ ಯಾವ ಆದೇಶವೂ ಬಂದಿಲ್ಲ ತಾಯಿ" ಎಂದರು.

ಮಗ ವಾರವನ್ನು ಗುರುತಿಸುವುದು ಡಬ್ಬಿಯಿಂದ. ಮಂಗಳವಾರ ಚಿತ್ರಾನ್ನ, ಗುರುವಾರ ನೀರುದೋಸೆ. ಇನ್ನು ಆ ಎರಡು ದಿನ ಡಬ್ಬಿ ಕಟ್ಟಲೋ ಬೇಡವೋ ಎಂಬುದೇ ನನಗೆ ಹೊಳೆಯುತ್ತಿಲ್ಲ. ನಾನು ಮನೆಯಲ್ಲಿ ಹನ್ನೊಂದು ಮಂದಿಗೆ ಊಟದ ಡಬ್ಬಿ ಮಾಡಿ ಕೊಡುತ್ತೇನೆ. ಅವನು ಮನೆಯಲ್ಲಿದ್ದರೆ ಆ ಕೆಲಸ ನಡೆಯುವುದಿಲ್ಲ. ಆದೇಶವೇ ಇಲ್ಲದ ಕಡಿತವನ್ನು ಯಾರ ಮುಂದೆ, ಏನೆಂದು ಪ್ರಶ್ನಿಸಬೇಕು? ತಿಳಿದವರು ಹೇಳಿ.

ನಿವೃತ್ತ ಲೆಕ್ಕಿಗ, ಮಾಟುಂಗಾ

ಅಮ್ಮಾ, ನೀವು ಕೇಳಿದ ಪ್ರಶ್ನೆ ಸರಿಯಾದದ್ದು. ನಾನು ಮೂವತ್ತೆರಡು ವರ್ಷ ಲೆಕ್ಕಪತ್ರ ವಿಭಾಗದಲ್ಲಿದ್ದವನು. "ಕಡಿತ" ಎಂಬ ತಲೆಬರಹ ಹೊತ್ತ ಕಾಗದವನ್ನು ನಾನು ನೋಡಿದ್ದು ಬಹಳ ಕಡಿಮೆ. ಕಂತು ತಡವಾಗುತ್ತದೆ, ದರ ಹಳೆಯದೇ ಉಳಿಯುತ್ತದೆ, ಖಾಲಿ ಹುದ್ದೆ ತುಂಬುವುದಿಲ್ಲ, ವರ್ಷದ ನಡುವೆ ಪರಿಷ್ಕೃತ ಅಂದಾಜಿನಲ್ಲಿ ಮೊತ್ತ ಇಳಿಯುತ್ತದೆ. ಇವೆಲ್ಲ ಸೇರಿದರೆ ಕಡಿತವಾಗುತ್ತದೆ, ಆದರೆ ಸಹಿ ಹಾಕಿದವರು ಯಾರೂ ಸಿಗುವುದಿಲ್ಲ.

ಮೊದಲು ನಿಮ್ಮ ಕರ್ಮಶಾಲೆಗೆ ಹಣ ಬರುವುದು ಎಲ್ಲಿಂದ ಎಂದು ತಿಳಿದುಕೊಳ್ಳಿ. ರಾಜ್ಯ ಸರಕಾರದ ಅನುದಾನವಾದರೆ ಮುಂಬಯಿಯ ಮಂತ್ರಾಲಯದಲ್ಲಿ (ರಾಜ್ಯದ ಸಚಿವಾಲಯದಲ್ಲಿ) ಇರುವ ದಿವ್ಯಾಂಗ (ಅಂಗವಿಕಲರ) ಕಲ್ಯಾಣ ವಿಭಾಗ ಮತ್ತು ಪುಣೆಯ ಆಯುಕ್ತಾಲಯ. ಕೇಂದ್ರದ ದೀನದಯಾಳ್ ಪುನರ್ವಸತಿ ಯೋಜನೆಯಾದರೆ ಜಿಲ್ಲೆಯ ತಪಾಸಣೆ, ರಾಜ್ಯದ ಶಿಫಾರಸು, ಆಮೇಲೆ ದಿಲ್ಲಿ. ಈ ಮೂರರಲ್ಲಿ ಕಡತ ಎಲ್ಲಿ ನಿಂತಿದೆ ಎಂಬುದೇ ಪ್ರಶ್ನೆ. ಹಣದ ಮೂರನೆಯ ಮೂಲ ನಿಮ್ಮ ಮಹಾನಗರಪಾಲಿಕೆ. ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳು ಸ್ವಂತ ಆದಾಯದ ಶೇ. 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು.

ಕೇಂದ್ರದ ಅಂಕಿಗಳನ್ನೂ ಹೇಳಿಬಿಡುತ್ತೇನೆ. ಅಂಗವಿಕಲರ ಕಾಯ್ದೆಯನ್ನು ಜಾರಿಗೆ ತರುವುದಕ್ಕೆಂದೇ ಇರುವ ಯೋಜನೆಗೆ ಸಿಪ್ಡಾ ಎನ್ನುತ್ತಾರೆ. ಅದಕ್ಕೆ 2022-23ರ ಬಜೆಟ್ಟಿನಲ್ಲಿ ಇಟ್ಟದ್ದು ಸುಮಾರು 240 ಕೋಟಿ ರೂಪಾಯಿ, 2023-24ರಲ್ಲಿ 150 ಕೋಟಿ, 2024-25ರಲ್ಲಿ 135 ಕೋಟಿ. ಇಳಿಕೆಯನ್ನು ಯಾರೂ ಘೋಷಿಸಲಿಲ್ಲ. ಅದು ಪುಸ್ತಕದ ಒಂದು ಸಾಲಿನಲ್ಲಿ ಇತ್ತು, ಅಷ್ಟೆ.

ಮೀರಾರೋಡಿನ ಹೋಟೆಲಿನವ

ಅಕ್ಕಾ, ಓದಿ ಬೇಸರವಾಯಿತು. ಆದರೆ ನನಗೊಂದು ಮಾತು ಅರ್ಥವಾಗುವುದಿಲ್ಲ. ಮುಂಬಯಿಯಲ್ಲಿ ನಮ್ಮವರ ಸಂಘಗಳು ಎಷ್ಟಿವೆ! ವಾರ್ಷಿಕೋತ್ಸವಕ್ಕೆ, ಯಕ್ಷಗಾನಕ್ಕೆ, ಸನ್ಮಾನದ ಶಾಲು ಹಾರಗಳಿಗೆ ಲಕ್ಷಗಟ್ಟಲೆ ಖರ್ಚು ಮಾಡುತ್ತೇವೆ. ಒಬ್ಬ ಚಾಲಕನ ನಾಲ್ಕು ತಿಂಗಳ ಸಂಬಳವನ್ನು ನಾವು ಹತ್ತು ಜನ ಸೇರಿದರೆ ಒಂದು ಸಂಜೆಯಲ್ಲಿ ಕೊಡಬಹುದು. ಸರಕಾರದ ಬಾಗಿಲಲ್ಲಿ ನಿಂತು ವರ್ಷಗಟ್ಟಲೆ ಕಾಯುವುದು ಏಕೆ? ಶಿವಡಿಯ ಜೈ ವಕೀಲ್ ಶಾಲೆಯನ್ನು 1944ರಲ್ಲಿ ಆರಂಭಿಸಿದ್ದು ಸರಕಾರವಲ್ಲ. ಮಗಳಿಗಾಗಿ ತಂದೆತಾಯಿಯೇ ಶುರುಮಾಡಿದ್ದು.

ವಿಶೇಷ ಶಿಕ್ಷಕಿ, ಪುಣೆ

ಮೀರಾರೋಡಿನ ಅಣ್ಣನವರೇ, ನಿಮ್ಮ ಮನಸ್ಸು ದೊಡ್ಡದು, ಚಾಲಕನ ಬಾಕಿಯನ್ನು ಖಂಡಿತ ಕೊಡಿ. ಆದರೆ ಐದನೆಯ ತಿಂಗಳ ಸಂಬಳ? ನಾನು ಹತ್ತೊಂಬತ್ತು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ದಾನಿಗಳು ಸಂತೋಷದಿಂದ ಕೊಡುವುದು ಗೋಡೆಗೆ ಹೆಸರು ಬರೆಸಬಹುದಾದ ವಸ್ತುವನ್ನು: ಗಾಲಿಕುರ್ಚಿ, ಫ್ಯಾನು, ಕಂಪ್ಯೂಟರು, ಒಂದು ದಿನದ ಸಿಹಿಯೂಟ. ಶಾಲೆ ನಡೆಯುವುದು ಇವುಗಳಿಂದಲ್ಲ, ಪ್ರತಿ ತಿಂಗಳ ಸಂಬಳದಿಂದ. ಹುಟ್ಟುಹಬ್ಬದ ಊಟ ಕೊಟ್ಟವರು ಯಾರೂ ಆಯಾಳ ಸಂಬಳ ಕೊಡುವುದಾಗಿ ಇಂದಿನವರೆಗೆ ನನ್ನ ಬಳಿ ಹೇಳಿಲ್ಲ, ಮತ್ತು ಒಬ್ಬ ಆಯಾ ಬಿಟ್ಟುಹೋದರೆ ಶೌಚಕ್ಕೆ ಸಹಾಯ ಬೇಕಾದ ನಾಲ್ಕು ಮಕ್ಕಳು ಮನೆಯಲ್ಲಿಯೇ ಉಳಿಯುತ್ತಾರೆ.

ಹಣ ಕಡಿಮೆಯಾದಾಗ ಒಳಗೆ ಏನಾಗುತ್ತದೆ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ಹೊರಗಿನವರಿಗೆ ಬಾಗಿಲು ಮುಚ್ಚಿದಾಗ ಮಾತ್ರ ಗೊತ್ತಾಗುತ್ತದೆ. ಮೊದಲು ನಿಲ್ಲುವುದು ವಾಹನ. ಬಸ್ಸಿನಲ್ಲಿ ಕರೆತರಲಾಗದ ಮನೆಗಳ ಮಕ್ಕಳು ಅಲ್ಲಿಗೇ ಕಳಚಿಕೊಳ್ಳುತ್ತಾರೆ. ಹಾಜರಿ ಇಳಿಯುತ್ತದೆ. ಹಾಜರಿಯ ಮೇಲೆ ಲೆಕ್ಕ ಹಾಕುವ ಅನುದಾನ ಮುಂದಿನ ವರ್ಷ ಮತ್ತಷ್ಟು ಇಳಿಯುತ್ತದೆ. ಆಮೇಲೆ ಸ್ಪೀಚ್ ಥೆರಪಿಸ್ಟ್ ವಾರಕ್ಕೆ ಒಂದು ದಿನ ಬರುತ್ತಾರೆ, ನಂತರ ಬರುವುದಿಲ್ಲ. ಕೊನೆಗೆ, ಮಕ್ಕಳ ಸಂಖ್ಯೆ ಕಡಿಮೆ ಎಂಬ ಕಾರಣ ಕೊಟ್ಟು ತಪಾಸಣೆಯ ವರದಿ ಬರೆಯುತ್ತಾರೆ. ಡೊಂಬಿವಲಿಯ ಅಕ್ಕಾ, ವಾರಕ್ಕೆ ಮೂರು ದಿನ ಎನ್ನುವುದು ನಡುವಿನ ಮೆಟ್ಟಿಲು. ಇಲ್ಲಿಯೇ ತಡೆಯಬೇಕು.

ಪಿಂಪ್ರಿಯ ಫಿಟ್ಟರ್

ಒಂದು ಪಕ್ಷದ ಮಾತನ್ನೇ ಕೇಳುವುದು ಬೇಡ. 2022ರ ಡಿಸೆಂಬರಿನಲ್ಲಿ ಪ್ರತ್ಯೇಕ ದಿವ್ಯಾಂಗ ಇಲಾಖೆ ಮಾಡಿದ ರಾಜ್ಯ ಇದು. ಸಂಜಯ್ ಗಾಂಧಿ ನಿರಾಧಾರ ಯೋಜನೆಯಲ್ಲಿ ಅಂಗವಿಕಲರಿಗೆ ತಿಂಗಳಿಗೆ ಸಿಗುತ್ತಿದ್ದ 1500 ರೂಪಾಯಿಯನ್ನು 2025ರಲ್ಲಿ 2500ಕ್ಕೆ ಏರಿಸಿದ್ದಾರೆ. ಇಷ್ಟೆಲ್ಲ ಏರಿಸಿದ ಮೇಲೂ "ಕಡಿತ" ಎಂದು ಬೊಬ್ಬೆ ಹಾಕಿದರೆ ಕೊಡುವವರಿಗೂ ಬೇಸರವಾಗುತ್ತದೆ.

ನಿವೃತ್ತ ಲೆಕ್ಕಿಗ, ಮಾಟುಂಗಾ

ಪಿಂಪ್ರಿಯವರೇ, ಏರಿಸಿದ್ದು ನಿಜ, ಅದು ಒಳ್ಳೆಯದೇ. ಆದರೆ ಕೈಗೆ ಕೊಡುವ ಹಣ ಬೇರೆ, ಸೇವೆಗೆ ಕೊಡುವ ಹಣ ಬೇರೆ. 2500 ರೂಪಾಯಿಗೆ ಮನೆಯ ಪಡಿತರ ಬರಬಹುದು. ಅದೇ ಹಣದಿಂದ ತಾಯಿಯೊಬ್ಬರು ಶಿಕ್ಷಕಿಯನ್ನೂ ಆಯಾಳನ್ನೂ ವ್ಯಾನನ್ನೂ ಕೊಂಡುಕೊಳ್ಳಲಾರರು. ಎಲ್ಲರ ಕೈಗೂ ಛತ್ರಿಯ ಹಣ ಕೊಟ್ಟು ಬಸ್ ನಿಲ್ದಾಣದ ಛಾವಣಿಯನ್ನು ಕಿತ್ತುಕೊಂಡು ಹೋದ ಹಾಗೆ. ಇನ್ನು ಕೇಂದ್ರದ ಅಂಗವಿಕಲ ಪಿಂಚಣಿಯ ಪಾಲು ತಿಂಗಳಿಗೆ 300 ರೂಪಾಯಿ. 2012ರಿಂದ ಅದು ಅಲುಗಾಡಿಲ್ಲ. ಅಂಗವಿಕಲರೆಲ್ಲರಿಗೂ ಇಷ್ಟೇ ಸಿಗುವುದು.

ಘಾಟ್ಕೋಪರಿನ ವಕೀಲೆ

ರಾಯರೇ, ಒಂದು ತಿದ್ದುಪಡಿ. ಕೇಂದ್ರದ ಆ 300 ರೂಪಾಯಿ ಎಲ್ಲರಿಗೂ ಸಿಗುವುದಿಲ್ಲ. ಬಡತನ ರೇಖೆಯ ಕೆಳಗಿದ್ದು, ಕನಿಷ್ಠ ಶೇ. 80ರಷ್ಟು ಅಂಗವೈಕಲ್ಯವಿದ್ದವರಿಗೆ ಮಾತ್ರ. ಈ ಅಮ್ಮನ ಮಗನಿಗೆ ಶೇ. 75 ಇರುವುದರಿಂದ ಅದೂ ಇಲ್ಲ.

ನಿವೃತ್ತ ಲೆಕ್ಕಿಗ, ಮಾಟುಂಗಾ

ಒಪ್ಪಿದೆ ಮೇಡಂ, ಬರೆಯುವ ಭರದಲ್ಲಿ ತಪ್ಪಿದೆ.

ಸಾಯನ್ ಸರ್ಕಲ್ ಮಾಣಿ

ನಾನು ಹೋಟೆಲಿನಲ್ಲಿ ಮಾಣಿಯಾಗಿ ದುಡಿಯುವವನು. ನನ್ನ ತಂಗಿಯ ಮಗಳಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅವಳು ನಮ್ಮ ಮನೆಯಲ್ಲಿಯೇ ಬೆಳೆಯುತ್ತಿದ್ದಾಳೆ. ನಿರಾಧಾರ ಯೋಜನೆಗೆ ಹೋದರೆ ಕುಟುಂಬದ ವಾರ್ಷಿಕ ಆದಾಯ 50,000 ರೂಪಾಯಿ ಮೀರಬಾರದು ಎಂದರು. ತಿಂಗಳಿಗೆ ನಾಲ್ಕು ಸಾವಿರದ ಚಿಲ್ಲರೆ! ಮುಂಬಯಿಯಲ್ಲಿ ಅಷ್ಟು ಕಡಿಮೆ ದುಡಿಯುವವನು ಬಾಡಿಗೆಯನ್ನೇ ಕಟ್ಟಲಾರ, ಅಷ್ಟಕ್ಕಿಂತ ಹೆಚ್ಚು ದುಡಿಯುವವನು ಬಡವನಲ್ಲವಂತೆ. ಪಿಂಪ್ರಿಯ ಅಣ್ಣ ಹೇಳಿದ 2500 ರೂಪಾಯಿಯನ್ನು ನಾನು ಪೇಪರಿನಲ್ಲಿ ಓದಿದ್ದೇನೆ, ಪಾಸ್‌ಬುಕ್ಕಿನಲ್ಲಿ ನೋಡಿಲ್ಲ.

ಪಿಂಪ್ರಿಯ ಫಿಟ್ಟರ್

ಆದಾಯದ ಮಿತಿ ಇಷ್ಟು ಕಡಿಮೆ ಎಂದು ನನಗೆ ಗೊತ್ತಿರಲಿಲ್ಲ. ಆ ಮಾತನ್ನು ಒಪ್ಪುತ್ತೇನೆ. ಆದರೂ ಕೇಳುವಾಗ ಲೆಕ್ಕ ಹಿಡಿದು ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ.

ವಾಸ್ಕೋದ ಬಾಗಲಕೋಟಿಯವ

ಗೋವಾದ ಮಾತನ್ನೂ ಸ್ವಲ್ಪ ಕೇಳಿರಿ. ಇಲ್ಲಿ 2023ರ ಜನವರಿಯಲ್ಲಿ ಪಣಜಿಯಲ್ಲಿ ಪರ್ಪಲ್ ಫೆಸ್ಟ್ ಮಾಡಿದರು. ದೇಶದ ಎಲ್ಲ ಕಡೆಯಿಂದ ಅಂಗವಿಕಲರು ಬಂದಿದ್ದರು, ನಾನೂ ಮಗಳನ್ನು ಕರೆದುಕೊಂಡು ಹೋಗಿದ್ದೆ, ಅವಳು ಬಹಳ ಖುಷಿಪಟ್ಟಳು. ಅದನ್ನು ಹಗುರಾಗಿ ಮಾತಾಡುವುದಿಲ್ಲ. ಆದರೆ ಇಲ್ಲಿನ ಸರಕಾರ ಮಾಸಾಶನ ಕೊಡುವ ದಯಾನಂದ ಸಾಮಾಜಿಕ ಸುರಕ್ಷಾ ಯೋಜನೆಗೆ ಅರ್ಜಿ ಹಾಕಲು ಹೋದರೆ ಹದಿನೈದು ವರ್ಷ ಗೋವಾದಲ್ಲಿ ವಾಸವಿದ್ದ ದಾಖಲೆ ಕೇಳುತ್ತಾರೆ. ನಾವು ಬೈನಾದಲ್ಲಿ ಇದ್ದೆವು, ಆಮೇಲೆ ಝುವಾರಿನಗರಕ್ಕೆ ಬಂದೆವು. ಬಾಡಿಗೆಯ ಖೋಲಿಗೆ ಮಾಲೀಕ ಕರಾರುಪತ್ರ ಮಾಡಿಕೊಡುವುದಿಲ್ಲ. ಹದಿನೆಂಟು ವರ್ಷ ಈ ಊರಿನ ಮಣ್ಣು ಹೊತ್ತಿದ್ದೇನೆ, ಕಾಗದದಲ್ಲಿ ಆರು ವರ್ಷ ಮಾತ್ರ ಇದ್ದೇನೆ. ಊರಿಗೆ ಹೋಗಿ ಕೇಳಿದರೆ, ನೀವು ಗೋವಾದವರಾದಿರಲ್ಲ ಎನ್ನುತ್ತಾರೆ. ಕಡಿತ ಎಂದರೆ ಮೊದಲು ಇದ್ದದ್ದು ಕಡಿಮೆಯಾಗುವುದು. ನಮ್ಮಂಥವರದು ಪಟ್ಟಿಗೇ ಸೇರದ ಕಥೆ.

ಥಾಣೆಯ ತಂಗಿ

ಕಾಗದದ ಮಾತು ಬಂದದ್ದರಿಂದ ಹೇಳುತ್ತೇನೆ. ನನ್ನ ಅಣ್ಣನ ಹೆಸರು ಶಾಲೆಯ ದಾಖಲೆಯಲ್ಲಿ ಇನಿಷಿಯಲ್‌ನೊಂದಿಗೆ ಇದೆ, ಆಧಾರ್‌ನಲ್ಲಿ ಊರಿನ ಹೆಸರು ಸೇರಿಕೊಂಡಿದೆ, ಇಲ್ಲಿನ ಆಸ್ಪತ್ರೆಯಲ್ಲಿ ಅಪ್ಪನ ಹೆಸರನ್ನು ನಡುವೆ ತುರುಕಿದ್ದಾರೆ. ಮೂರೂ ಒಬ್ಬನೇ ಎಂದು ಸಾಬೀತು ಮಾಡಲು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ನಾವು ಒಂದೂವರೆ ವರ್ಷ ಅಲೆದೆವು. ಕನ್ನಡದವರು ಮಕ್ಕಳಿಗೆ ಹೆಸರಿಡುವಾಗಲೇ ಅರ್ಜಿಯ ಮೂರು ಚೌಕಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಮೀರಾರೋಡಿನ ಹೋಟೆಲಿನವ

ನಮ್ಮ ಮನೆಯಲ್ಲಿಯೂ ಅದೇ ಪಾಡು. ಒಬ್ಬ ಮಗ ಶೆಟ್ಟಿ, ಒಬ್ಬ ಮಗನಿಗೆ ಬರೀ "ಎಸ್".

ಘಾಟ್ಕೋಪರಿನ ವಕೀಲೆ

ಹೆಸರಿನ ಚರ್ಚೆಯನ್ನು ಇಲ್ಲಿಗೆ ಬಿಟ್ಟು ಕಾನೂನಿಗೆ ಬರುತ್ತೇನೆ. ಅರ್ಜಿ ಬರೆಯುವವರು ಸಾಮಾನ್ಯವಾಗಿ ಕರುಣೆ ತೋರಿ ಎಂದು ಬರೆಯುತ್ತಾರೆ, ಅದರ ಅಗತ್ಯವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ, ಅದು ಗುರುತಿಸುವ ಅಂಗವೈಕಲ್ಯಗಳು 21. ಅದರ 31ನೆಯ ಕಲಮಿನ ಪ್ರಕಾರ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಪ್ರತಿ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಅಲ್ಲಿ "ಹಣವಿದ್ದರೆ" ಎಂಬ ಷರತ್ತಿಲ್ಲ.

ಆದರೆ 18 ದಾಟಿದ ಮೇಲೆ ನಾವು ಆಧರಿಸಬೇಕಾದದ್ದು 24ನೆಯ ಕಲಮನ್ನು. ಅದು ಸಾಮಾಜಿಕ ಭದ್ರತೆಯ ಕಲಮು. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನೂ ಅದು ಹೇಳುತ್ತದೆ. ಆದರೆ ಆರಂಭದಲ್ಲಿಯೇ "ಸರಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ" ಎಂಬ ಮಾತಿದೆ. ಎಲ್ಲ ಕಚೇರಿಗಳೂ ಅಡಗಿಕೊಳ್ಳುವುದು ಈ ನಾಲ್ಕು ಪದಗಳ ಹಿಂದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ: ಇತರರಿಗೆ ಕೊಡುವ ಅಂಥದೇ ಯೋಜನೆಗಿಂತ ಅಂಗವಿಕಲರಿಗೆ ಕೊಡುವ ನೆರವು ಕನಿಷ್ಠ ಶೇ. 25 ಹೆಚ್ಚಿರಬೇಕು. ನಿರಾಧಾರ ಯೋಜನೆಯಲ್ಲಿ ಈ ಏರಿಕೆಗೆ ಮೊದಲು ಎಲ್ಲರಿಗೂ ಒಂದೇ 1500 ರೂಪಾಯಿ ಕೊಡುತ್ತಿದ್ದರು. ಶೇ. 25ರ ಲೆಕ್ಕದಲ್ಲಿ ಅಂಗವಿಕಲರಿಗೆ 1875 ಆಗಬೇಕಿತ್ತು. ಪಿಂಪ್ರಿಯವರು ಹೊಗಳಿದ ಏರಿಕೆ ದಯೆಯಿಂದ ಬಂದದ್ದಲ್ಲ, ಅದರಲ್ಲಿ ಒಂದು ಭಾಗ ಕಾಯ್ದೆಯ ಹಳೆಯ ಬಾಕಿ. ಅದಕ್ಕೂ ಅಂಗವಿಕಲರು ಬೀದಿಗಿಳಿಯಬೇಕಾಯಿತು, ಉಪವಾಸ ಕೂರಬೇಕಾಯಿತು.

ಪಿಂಪ್ರಿಯ ಫಿಟ್ಟರ್

ಮೇಡಂ, ಹೊಗಳಿದೆ ಎನ್ನಬೇಡಿ, ಇದ್ದದ್ದನ್ನು ಹೇಳಿದೆ.

ಅಂಧೇರಿಯ ಸಾಫ್ಟ್‌ವೇರ್ ಅಪ್ಪ

ಮಧ್ಯಮ ವರ್ಗದವರ ಕಡಿತವೊಂದನ್ನು ಯಾರೂ ಹೇಳಲಿಲ್ಲ. ಅಂಗವಿಕಲ ಅವಲಂಬಿತರಿದ್ದರೆ ಆದಾಯ ತೆರಿಗೆಯ 80ಡಿಡಿ ಕಲಮಿನಡಿ ತೆರಿಗೆ ಬೀಳುವ ಆದಾಯದಿಂದ 75,000 ರೂಪಾಯಿ, ತೀವ್ರ ಅಂಗವೈಕಲ್ಯವಾದರೆ 1,25,000 ರೂಪಾಯಿ ಕಳೆಯುವ ಅವಕಾಶವಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ಅದು ಇಲ್ಲ. ಹಳೆಯದನ್ನು ಆರಿಸಿಕೊಳ್ಳಬಹುದು ಎನ್ನುತ್ತಾರೆ, ಆದರೆ ಉಳಿದೆಲ್ಲ ಅನುಕೂಲವನ್ನೂ ಹೊಸದರ ಕಡೆಗೆ ಸುರಿದ ಮೇಲೆ ಅದು ಆಯ್ಕೆ ಎನ್ನಿಸುವುದಿಲ್ಲ. ನಾನು ಮಗಳ ಥೆರಪಿಗೆ ಒಂದು ಸೆಷನ್ನಿಗೆ 900 ರೂಪಾಯಿಯಂತೆ ವಾರಕ್ಕೆ ನಾಲ್ಕು ಸೆಷನ್ ಕೊಡುತ್ತೇನೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಸಾಯನ್ ಸರ್ಕಲ್ ಮಾಣಿ

ಸರ್, ನಿಮ್ಮ ಕಷ್ಟ ನಿಮಗೆ. ಆದರೆ ವಾರಕ್ಕೆ ನಾಲ್ಕು ಸೆಷನ್ ಎಂದು ಓದಿ ಸುಮ್ಮನೆ ಕುಳಿತೆ. ನಮ್ಮ ಹುಡುಗಿಗೆ ಪಾಲಿಕೆಯ ಆಸ್ಪತ್ರೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸರದಿ ಬರುತ್ತದೆ, ಆ ದಿನ ಥೆರಪಿಸ್ಟ್ ರಜೆಯಲ್ಲಿದ್ದರೆ ಮತ್ತೆ ಹದಿನೈದು ದಿನ.

ಅಂಧೇರಿಯ ಸಾಫ್ಟ್‌ವೇರ್ ಅಪ್ಪ

ನೀವು ಹೇಳಿದ್ದು ಸರಿ. ನಾನು ತೆರಿಗೆಯ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಅರ್ಜಿಯಲ್ಲಿ ಅದು ಮೊದಲು ಬರಬೇಕಾಗಿಲ್ಲ. ಮೊದಲು ಆಸ್ಪತ್ರೆಯ ಸರದಿ.

ವಿಶೇಷ ಶಿಕ್ಷಕಿ, ಪುಣೆ

ಸಾಮಾನ್ಯ ಶಾಲೆಗಳ ಮಾತನ್ನೂ ಸೇರಿಸಿ. ಪ್ರಾಥಮಿಕದಲ್ಲಿ ಅಂಗವಿಕಲರಾದ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಪ್ರಾಥಮಿಕದ ಮೇಲೆ ಹದಿನೈದು ಮಕ್ಕಳಿಗೆ ಒಬ್ಬರು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿಯೇ ಹೇಳಿದೆ. ನಾನು ತರಬೇತಿ ಕೊಟ್ಟ ಹುಡುಗಿಯರು ಇಂದಿಗೂ ಗುತ್ತಿಗೆಯ ಮೇಲೆ ಒಬ್ಬೊಬ್ಬರು ಏಳೆಂಟು ಶಾಲೆ ಸುತ್ತುತ್ತಾರೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ಇಟ್ಟಿರುವ ದರ ವರ್ಷಕ್ಕೆ 3500 ರೂಪಾಯಿ. ಅಂಧೇರಿಯವರ ಲೆಕ್ಕದಲ್ಲಿ ಅದು ನಾಲ್ಕು ಸೆಷನ್ನಿಗೂ ಸಾಲದು.

ಫ್ರೀಮಾಂಟಿಗೆ ಹೋದ ಚೆಂಬೂರಿನವಳು

ನಾನು ಚೆಂಬೂರಿನಲ್ಲಿ ಬೆಳೆದವಳು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಮಗನಿಗೆ ಆಟಿಸಂ ಇದೆ. ಇಲ್ಲಿ ಎಲ್ಲವೂ ಸುಸೂತ್ರ ಎಂದು ಊರಿನವರು ತಿಳಿದುಕೊಂಡಿದ್ದಾರೆ. ಈ ರಾಜ್ಯದಲ್ಲಿ 1969ರ ಲ್ಯಾಂಟರ್ಮನ್ ಕಾಯ್ದೆಯಿಂದಾಗಿ ಬೆಳವಣಿಗೆಯ ನ್ಯೂನತೆ ಇರುವವರಿಗೆ ಸೇವೆ ಪಡೆಯುವುದು ಹಕ್ಕಾಗಿದೆ. 21 ಪ್ರಾದೇಶಿಕ ಕೇಂದ್ರಗಳು ಅದನ್ನು ನೋಡಿಕೊಳ್ಳುತ್ತವೆ. ಆದರೆ ಹಣದ ದೊಡ್ಡ ಭಾಗ ಬರುವುದು ಕೇಂದ್ರ ಮತ್ತು ರಾಜ್ಯ ಸೇರಿ ಬಡವರಿಗೆ, ಅಂಗವಿಕಲರಿಗೆ ನಡೆಸುವ ಆರೋಗ್ಯ ನೆರವಿನ ಯೋಜನೆಯಾದ ಮೆಡಿಕೇಡ್‌ನಿಂದ. 2025ರ ಜುಲೈ 4ರಂದು ಸಹಿಯಾದ ಕಾನೂನು ಆ ಮೆಡಿಕೇಡ್‌ಗೆ ಬರುವ ಹಣವನ್ನು ಮುಂದಿನ ವರ್ಷಗಳಲ್ಲಿ ಬಹಳವಾಗಿ ಇಳಿಸುತ್ತದೆ.

ವಕೀಲೆ ಮೇಡಂ ಹೇಳಿದ 24ನೆಯ ಕಲಮನ್ನು ಓದಿದಾಗ ನನಗೆ ಇಲ್ಲಿನದೇ ನೆನಪಾಯಿತು. ಮೆಡಿಕೇಡ್‌ನಲ್ಲಿ ನರ್ಸಿಂಗ್ ಹೋಮಿನಲ್ಲಿ ಇಡುವುದು ಕಡ್ಡಾಯ ಸೇವೆ; ಅದೇ ವ್ಯಕ್ತಿ ಮನೆಯಲ್ಲಿದ್ದು ಆಸರೆ ಪಡೆಯುವುದು ಬಹುಮಟ್ಟಿಗೆ ಐಚ್ಛಿಕ ಸೇವೆ. ರಾಜ್ಯಕ್ಕೆ ಹಣದ ಮುಗ್ಗಟ್ಟು ಬಂದಾಗ ಕತ್ತರಿ ಮೊದಲು ತಾಗುವುದು ಐಚ್ಛಿಕ ಎಂದು ಬರೆದಲ್ಲಿ. ಅದಕ್ಕೇ ಇಲ್ಲಿನ ಪಾಲಕರು ರಾಜಧಾನಿಗೆ ಹೋಗಿ, ಸಮಿತಿಯ ಮುಂದೆ ತಲಾ ಒಂದೆರಡು ನಿಮಿಷ ಮಾತಾಡುತ್ತಾರೆ. ನಾನೂ ಹೋಗಿದ್ದೆ. ಆಟಿಸಂ ಎಂದರೇನು ಎಂದು ವಿವರಿಸಲು ಹೊರಟು ನನ್ನ ಸಮಯ ಮುಗಿದುಹೋಯಿತು. ನನ್ನ ನಂತರ ಬಂದ ಹೆಂಗಸು, ಸಹಾಯಕಿ ಬರುವ ಗಂಟೆಗಳನ್ನು ಕಡಿಮೆ ಮಾಡಿದರೆ ತಾನು ಯಾವ ಕೆಲಸ ಬಿಡಬೇಕಾಗುತ್ತದೆ, ಎಷ್ಟು ತೆರಿಗೆ ಕಟ್ಟುವುದು ನಿಲ್ಲುತ್ತದೆ ಎಂದಷ್ಟೇ ಹೇಳಿದಳು. ಎಲ್ಲರೂ ಬರೆದುಕೊಂಡದ್ದು ಅವಳ ಮಾತನ್ನು.

ಪಿಂಪ್ರಿಯ ಫಿಟ್ಟರ್

ನಾನು ಹೇಳಿದ್ದೂ ಇದನ್ನೇ. ಲೆಕ್ಕ ಹಿಡಿದು ಕೇಳಬೇಕು.

ಥಾಣೆಯ ತಂಗಿ

ಎಲ್ಲರೂ ಅಪ್ಪ ಅಮ್ಮಂದಿರೇ ಬರೆಯುತ್ತಿದ್ದೀರಿ, ತಂಗಿಯಾಗಿ ನಾನೂ ಹೇಳುತ್ತೇನೆ. ಅಣ್ಣನಿಗೆ 34, ನನಗೆ 28. ಅಪ್ಪನಿಗೆ 70 ದಾಟಿದೆ. ಅಣ್ಣ ಹೋಗುತ್ತಿದ್ದ ಕೇಂದ್ರ ಹೋದ ವರ್ಷ ಮುಚ್ಚಿದ ಮೇಲೆ ಅವನು ಮಾತನ್ನೇ ಕಡಿಮೆ ಮಾಡಿದ, ತೂಕ ಹನ್ನೆರಡು ಕಿಲೋ ಹೆಚ್ಚಿದೆ. ಆರು ವರ್ಷದಲ್ಲಿ ಕಲಿತ ಬಟ್ಟೆಯ ಗುಂಡಿ ಹಾಕುವ ಕೆಲಸ ಎಂಟು ತಿಂಗಳಲ್ಲಿ ಮರೆತುಹೋಯಿತು. ಹಣ ಆಮೇಲೆ ಕೊಡುತ್ತೇವೆ ಎನ್ನುವವರಿಗೆ ಇದು ಗೊತ್ತಿರಬೇಕು: ಆಮೇಲೆ ಕೊಟ್ಟರೂ ಅವನು ಮೊದಲಿನಿಂದ ಕಲಿಯಬೇಕು, ಮತ್ತು ಆಗ ಅವನಿಗೆ ಮೂವತ್ತಾರು ಆಗಿರುತ್ತದೆ.

ಇನ್ನೂ ಮಾಡದವರು ಎರಡು ಕೆಲಸ ಮಾಡಿಕೊಳ್ಳಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿಯೇ ಇದೆ. ಅದರಡಿಯಲ್ಲಿ ಜಿಲ್ಲಾಧಿಕಾರಿಯ ಸ್ಥಳೀಯ ಸಮಿತಿಯಿಂದ ಕಾನೂನುಬದ್ಧ ಪಾಲಕತ್ವ ಪಡೆಯಬಹುದು. ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದೆ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲು ಸಿಗುತ್ತದೆ.

ಪುಣೆಯ ಹವ್ಯಾಸಿ ಓದುಗ

"ದಿವ್ಯಾಂಗ" ಎಂಬ ಪದವೇ ನನಗೆ ಒಪ್ಪಿಗೆಯಿಲ್ಲ. ದಿವ್ಯವೇನು ಬಂತು ಅದರಲ್ಲಿ?

ವಿಶೇಷ ಶಿಕ್ಷಕಿ, ಪುಣೆ

ನನಗೂ ಒಪ್ಪಿಗೆಯಿಲ್ಲ, ಆದರೆ ಇಲಾಖೆಯ ಬಾಗಿಲಿನ ಮೇಲೆ ಅದೇ ಬರೆದಿದೆ, ಅರ್ಜಿಯ ಮೇಲೂ ಅದನ್ನೇ ಬರೆಯೋಣ. ಬೇರೆ ಪದ ಬರೆದರೆ ಬೇರೆ ಮೇಜಿಗೆ ಹೋಗುತ್ತದೆ.

ನಿವೃತ್ತ ಲೆಕ್ಕಿಗ, ಮಾಟುಂಗಾ

ಹೆಸರಿಗಿಂತ ಎಣಿಕೆ ನನ್ನನ್ನು ಹೆಚ್ಚು ಕಾಡುತ್ತದೆ. 2011ರ ಜನಗಣತಿಯಲ್ಲಿ ಅಂಗವಿಕಲರು 2.68 ಕೋಟಿ, ಮಹಾರಾಷ್ಟ್ರದಲ್ಲಿ ಸುಮಾರು 29.6 ಲಕ್ಷ. ಆಗ ಕೇಳಿದ್ದು ಎಂಟು ಬಗೆ ಮಾತ್ರ, ಆಟಿಸಂ ಎಂದು ಪ್ರತ್ಯೇಕವಾಗಿ ಕೇಳಿರಲಿಲ್ಲ. ಕಾಯ್ದೆಯಲ್ಲಿ 21 ಬಗೆ, ಗಣತಿಯಲ್ಲಿ ಎಂಟು. ಲೆಕ್ಕಕ್ಕೆ ಸಿಗದವರಿಗೆ ಬಜೆಟ್ಟಿನಲ್ಲಿ ಸಾಲು ಸಿಗುವುದು ಕಷ್ಟ. ಮುಂದಿನ ಗಣತಿಯವರು ಮನೆಗೆ ಬಂದಾಗ ಮುಜುಗರಪಟ್ಟು ಮಕ್ಕಳನ್ನು ಒಳಗೆ ಕೂರಿಸಬೇಡಿ. ನಮ್ಮವರಲ್ಲಿ ಆ ಅಭ್ಯಾಸ ಇದೆ, ಸಿಟ್ಟಾದರೂ ಪರವಾಗಿಲ್ಲ, ಹೇಳಿದ್ದೇನೆ.

ಈಗ ಕೆಲಸದ ಮಾತು. ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿಗಳನ್ನು ಹಾಕಿ, ಉತ್ತರಕ್ಕೆ ಅವರಿಗೆ 30 ದಿನ. ಆಯುಕ್ತಾಲಯಕ್ಕೆ ಒಂದು: ಈ ಕರ್ಮಶಾಲೆಗೆ ಕಳೆದ ಮೂರು ವರ್ಷಗಳಲ್ಲಿ ಮಂಜೂರಾದ ಮೊತ್ತ, ಬಿಡುಗಡೆಯಾದ ಮೊತ್ತ, ಬಿಡುಗಡೆಯಾದ ದಿನಾಂಕ, ಮಂಜೂರಾದ ಹುದ್ದೆ, ಖಾಲಿ ಹುದ್ದೆ. ಪಾಲಿಕೆಗೆ ಇನ್ನೊಂದು: ಶೇ. 5ರ ನಿಧಿಯಲ್ಲಿ ತೆಗೆದಿಟ್ಟದ್ದೆಷ್ಟು, ಖರ್ಚಾದದ್ದೆಷ್ಟು, ಯಾವುದಕ್ಕೆ. "ಏಕೆ" ಎಂದು ಕೇಳಬೇಡಿ. ಅಭಿಪ್ರಾಯ ಕೊಡುವ ಬಾಧ್ಯತೆ ನಮಗಿಲ್ಲ ಎಂದು ಉತ್ತರಿಸಿ ಮುಗಿಸುತ್ತಾರೆ. ದಾಖಲೆಯ ಪ್ರತಿ ಕೇಳಿ.

ಮೀರಾರೋಡಿನ ಹೋಟೆಲಿನವ

ಟೀಚರಮ್ಮ ಹೇಳಿದ ಐದನೆಯ ತಿಂಗಳ ಪ್ರಶ್ನೆ ಎರಡು ದಿನದಿಂದ ತಲೆಯಲ್ಲಿಯೇ ಇದೆ. ನಾನು ಹೋಟೆಲು ನಡೆಸುವವನು, ಸಂಬಳದ ತಾರೀಖು ಎಂದರೆ ಏನೆಂದು ನನಗೆ ಗೊತ್ತು. ಚಾಲಕನ ಬಾಕಿಯನ್ನು ನಾವು ಆರು ಜನ ಸೇರಿ ಕೊಡುತ್ತೇವೆ, ಅದು ಬೇರೆ ಮಾತು, ಅದಕ್ಕೆ ಬೋರ್ಡು ಬೇಡ. ಆದರೆ ಅದನ್ನು ತೋರಿಸಿ "ಸಮಾಜವೇ ನೋಡಿಕೊಳ್ಳುತ್ತಿದೆಯಲ್ಲ" ಎಂದು ಕಚೇರಿಯವರು ಹೇಳುವ ಹಾಗೆ ಆಗಬಾರದು. ಇದನ್ನು ಸಾಲ ಎಂದು ಬರೆಸಬಹುದೇ ರಾಯರೇ?

ನಿವೃತ್ತ ಲೆಕ್ಕಿಗ, ಮಾಟುಂಗಾ

ಬರೆಸಬಹುದು. ಸಂಸ್ಥೆಯ ಪುಸ್ತಕದಲ್ಲಿ "ಅನುದಾನ ಬರುವವರೆಗಿನ ಕೈಸಾಲ" ಎಂದು ದಾಖಲಿಸಲಿ. ಆಗ ಬಾಕಿ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಶೆಟ್ರೇ, ಇದು ಒಳ್ಳೆಯ ಯೋಚನೆ.

ಡೊಂಬಿವಲಿಯ ಅಮ್ಮ

ಎಲ್ಲರಿಗೂ ಕೈಮುಗಿಯುತ್ತೇನೆ. ಈ ಎರಡು ವಾರಗಳಲ್ಲಿ ಆದದ್ದನ್ನು ಹೇಳುತ್ತೇನೆ.

ಮಾಹಿತಿ ಹಕ್ಕಿನ ಎರಡೂ ಅರ್ಜಿಗಳನ್ನು ರಾಯರು ಹೇಳಿದ ಹಾಗೆಯೇ ಹಾಕಿದ್ದೇನೆ. ಆಮೇಲೆ ಕರ್ಮಶಾಲೆಯ ಇತರ ಪಾಲಕರ ಮನೆಗಳಿಗೆ ಹೋದೆ. ಹೆಚ್ಚಿನವರು ಮರಾಠಿಯವರು, ಇಬ್ಬರು ಗುಜರಾತಿನವರು, ಒಬ್ಬರು ಉತ್ತರಪ್ರದೇಶದ ರಿಕ್ಷಾ ಚಾಲಕರು. ಒಟ್ಟು ಹದಿಮೂರು ಮನೆ. ಎಲ್ಲರೂ ಸಹಿ ಹಾಕಿದ ಒಂದೇ ಮನವಿಯನ್ನು ಥಾಣೆಯ ಜಿಲ್ಲಾಧಿಕಾರಿ ಕಚೇರಿಯ ಲೋಕಶಾಹಿ ದಿನಕ್ಕೆ (ಅಧಿಕಾರಿಗಳು ಜನರ ದೂರು ಕೇಳುವ ದಿನ) ಒಯ್ದೆವು. ಅಲ್ಲಿನ ಗುಮಾಸ್ತರು, ಸಾಮೂಹಿಕ ಮನವಿ ನಡೆಯುವುದಿಲ್ಲ, ದೂರು ವೈಯಕ್ತಿಕವಾಗಿರಬೇಕು, ಹದಿನೈದು ದಿನ ಮೊದಲೇ ಎರಡು ಪ್ರತಿ ಕೊಡಬೇಕು ಎಂದು ಹಿಂದಿರುಗಿಸಿದರು. ಹೊರಗೆ ಬಂದು ಚಹಾ ಕುಡಿಯುತ್ತಾ ಯೋಚಿಸಿದೆವು. ರಿಕ್ಷಾದವರೇ ಹೇಳಿದರು: ಒಂದು ಬೇಡವಾದರೆ ಹದಿಮೂರು ಕೊಡೋಣ.

ಅದರಂತೆ ಮುಂದಿನ ತಿಂಗಳ ಮೊದಲ ಸೋಮವಾರಕ್ಕೆ ಹದಿಮೂರು ಪ್ರತ್ಯೇಕ ಅರ್ಜಿಗಳನ್ನು ಸಿದ್ಧ ಮಾಡುತ್ತಿದ್ದೇವೆ. ಪ್ರತಿಯೊಂದರಲ್ಲಿ ಆ ಮನೆಯದೇ ಲೆಕ್ಕ: ಮುಚ್ಚುವ ಎರಡು ದಿನಗಳಿಂದ ಯಾರ ದುಡಿಮೆ ಎಷ್ಟು ತಪ್ಪುತ್ತದೆ, ಮಗ ಅಥವಾ ಮಗಳು ಏನು ಕಲಿತಿದ್ದರು, ಏನು ಮರೆಯುತ್ತಿದ್ದಾರೆ. ನನ್ನದರಲ್ಲಿ ಹನ್ನೊಂದು ಡಬ್ಬಿಗಳ ಲೆಕ್ಕ ಇದೆ. ಅದನ್ನು ಓದಿದ ಯಜಮಾನರು, ಇಷ್ಟು ಸಂಪಾದಿಸುತ್ತೀಯೆಂದು ನನಗೇ ಗೊತ್ತಿರಲಿಲ್ಲ ಎಂದರು.

ಕರ್ಮಶಾಲೆ ಈಗ ಮೂರೇ ದಿನ ನಡೆಯುತ್ತಿದೆ. ಮಂಗಳವಾರ ಡಬ್ಬಿ ಕಟ್ಟಿ ಕೊಟ್ಟೆ. ಬಾಗಿಲ ಹತ್ತಿರ ಕುಳಿತು ಹನ್ನೊಂದೂವರೆಗೇ ತಿಂದು ಮುಗಿಸಿದ.

ನನ್ನ ಮರಾಠಿ ಅಂಗಡಿ ಬೀದಿಯ ಮರಾಠಿ, ಅರ್ಜಿಗೆ ಹೊಂದುವುದಿಲ್ಲ. ಯಾರಾದರೂ ತಿದ್ದಿ ಕೊಡುವಿರಾ?

ವಿಶೇಷ ಶಿಕ್ಷಕಿ, ಪುಣೆ

ಹದಿಮೂರನ್ನೂ ನನಗೆ ಕಳುಹಿಸಿ ಅಕ್ಕಾ, ಭಾನುವಾರ ಕುಳಿತು ತಿದ್ದುತ್ತೇನೆ. ಕಲಮಿನ ಸಂಖ್ಯೆಗಳನ್ನು ವಕೀಲೆ ಮೇಡಂ ಒಮ್ಮೆ ನೋಡಲಿ.

ಘಾಟ್ಕೋಪರಿನ ವಕೀಲೆ

ನೋಡುತ್ತೇನೆ. ಇಪ್ಪತ್ತಾರು ಪ್ರತಿಗಳ ಮೇಲೂ ಸ್ವೀಕೃತಿಯ ಮೊಹರು ಮತ್ತು ತಾರೀಖು ಬೀಳುವಂತೆ ನೋಡಿಕೊಳ್ಳಿ, ಹದಿಮೂರು ನಿಮ್ಮ ಬಳಿ ಉಳಿಯಬೇಕು ಎಂದರೆ ಮೂರನೆಯ ಪ್ರತಿಯನ್ನೂ ಮಾಡಿಸಬೇಕಾಗುತ್ತದೆ.

ಸಾಯನ್ ಸರ್ಕಲ್ ಮಾಣಿ

ಝೆರಾಕ್ಸ್ ನನ್ನ ಲೆಕ್ಕದಲ್ಲಿರಲಿ. ಸೋಮವಾರ ನನಗೆ ವಾರದ ರಜೆ, ನಾನೂ ಥಾಣೆಗೆ ಬರುತ್ತೇನೆ.